ಬಲಗಡೆಯ ಹೂವು

ನಮ್ಮಪ್ಪ ಎತ್ತು ಕೊಳ್ಳುವುದಕ್ಕೂ ದೇವಿಯ ಅಪ್ಪಣೆ ಕೇಳುತ್ತಿದ್ದ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು, ಊರ ಮುಂದೆ ಅಮ್ಮನ ಗುಡಿ. ಪೂಜಾರಿ ಕಲ್ಲಿನ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಕಣಗಿಲೆ ಹೂ ಅಂಟಿಸಿ, ಕೇಳಬೇಕಾದ್ದನ್ನು ಕೇಳಿ ಕಾಯುತ್ತಿದ್ದ. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಎರಡೂ ಬೀಳದಿದ್ದರೆ ಇನ್ನೂ ಹೊತ್ತು ಬಂದಿಲ್ಲ ಎಂದು ಅರ್ಥ. ಪೂಜಾರಿಗೆ ಕಣ್ಣು ಮಂಜು. ಹೂ ಕೊಯ್ದು ತಂದು, ನೀರಲ್ಲಿ ಅದ್ದಿ ಒಂದೊಂದಾಗಿ ಅವನ ಕೈಗಿಡುತ್ತಿದ್ದವಳು ನನ್ನ ಅಕ್ಕ. ಗುಡಿಯ ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಹಾಕುತ್ತಿದ್ದವಳೂ ಅವಳೇ. ಮುಟ್ಟಿನ ದಿನಗಳನ್ನು ಬಿಟ್ಟರೆ ಒಂದು ಬೆಳಗ್ಗೆಯೂ ತಪ್ಪಿಸಿದವಳಲ್ಲ.

ಕನ್ನಡ ಸೀಮೆಗಳೆಲ್ಲ ಕೂಡಿ ಹೊಸ ರಾಜ್ಯವಾದ ಮಾರನೆಯ ವರ್ಷ ಸೊರಬದ ಒಬ್ಬ ಮಾಸ್ತರು ಅವಳನ್ನು ನೋಡಲು ಬಂದರು. ಅವಲಕ್ಕಿ ತಿಂದು ಹೊರಡುವಾಗ, "ಗುಡಿ ಮುಂದಿನ ರಂಗೋಲಿ ನೀವೇ ಹಾಕಿದ್ದಾ?" ಎಂದು ನೇರ ಅವಳನ್ನೇ ಕೇಳಿದರು. ಅಕ್ಕನಿಗೆ ಅವರು ಹಿಡಿಸಿದರು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಸೊರಬದ ಬಸ್ಸು ಹೋದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದಳು.

ಅಪ್ಪ ಹೂ ಕೇಳಿದ. ಎಡಕ್ಕೆ ಬಿತ್ತು. ಈಗ ಬೇಡ ಅಂದಳು ಅಷ್ಟೇ ಎಂದುಕೊಂಡ. ಸುಗ್ಗಿಯಾದ ಮೇಲೆ ಕೇಳಿದ, ಯುಗಾದಿ ಕಳೆದು ಕೇಳಿದ. ಎರಡು ಸಲವೂ ಹೂ ಅಲ್ಲಾಡಲಿಲ್ಲ.

"ಯಜಮಾನ್ರೇ, ನಿಮ್ಮ ದೇವಿ ಬಾಯಿ ಬಿಡೋ ಹೊತ್ತಿಗೆ ನಮ್ಮ ಹುಡುಗನ ತಲೆ ಬೆಳ್ಳಗಾಗ್ತದೆ ರೀ" ಎಂದರು ಮಾಸ್ತರ ತಂದೆ.

ಅಪ್ಪ ಜಗ್ಗಲಿಲ್ಲ. "ದೇವರ ಹೊತ್ತು ನಮಗೆಲ್ಲಿ ತಿಳಿತತಿ? ಕಾದೋರು ಕೆಟ್ಟಿಲ್ಲ" ಎಂದ. ಕಾಯುತ್ತಿದ್ದವನು ಅವನಲ್ಲ, ಅದು ಅವನಿಗೆ ಹೊಳೆಯಲೇ ಇಲ್ಲ.

ಮುಂದಿನ ಮಳೆಗಾಲ ಮುಗಿದ ಮೇಲೆ ಹೂ ಬಲಕ್ಕೆ ಬಿತ್ತು. ಅಪ್ಪ ತೆಂಗಿನಕಾಯಿ, ಬೆಲ್ಲ ಕಟ್ಟಿಕೊಂಡು ಆಗಲೇ ಸೊರಬದ ಬಸ್ಸು ಹತ್ತಿದ. ಅಲ್ಲಿ ನೋಡಿದರೆ ಮಾಸ್ತರ ಮನೆಯ ಮುಂದೆ ಹಂದರ ಇನ್ನೂ ಬಿಚ್ಚಿರಲಿಲ್ಲ, ಮಾವಿನೆಲೆ ಒಣಗಿ ಸುರುಟಿದ್ದವು. ಉಳವಿಯಿಂದ ಬಂದ ಹೊಸ ಸೊಸೆಯೇ ಅಪ್ಪನಿಗೆ ನೀರು, ಬೆಲ್ಲ ತಂದುಕೊಟ್ಟಳಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ಮನೆಗೆ ಬಂದವನು ಚಪ್ಪಲಿ ಬಿಡುತ್ತಾ, "ಇದರಾಗೂ ಅಮ್ಮನ ಮನಸ್ಸಿನಾಗೆ ಏನೋ ಇರ್ತತಿ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಮೇಲೂ, ಆ ಕಲ್ಲಿನ ಮೇಲೂ.

ಮರುದಿನ ಬೆಳಗ್ಗೆ ಅಕ್ಕ ಪೊರಕೆ ಹಿಡಿದು ಗುಡಿಗೆ ಹೊರಟಳು. ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಊರಿನವರು ಮಾತ್ರ ಅವಳಂಥ ಭಕ್ತಿ ಯಾರಿಗಿದೆ ಎಂದು ಹೊಗಳಿದರು. ಹೊಗಳುವುದಕ್ಕೇನು, ಗಂಟು ಹೋಗುತ್ತದೆಯೇ?

ಮರುವರ್ಷ ನನಗೆ ಶಿಕಾರಿಪುರದ ಸಂಬಂಧ ಬಂತು. ಅಪ್ಪ ಮತ್ತೆ ಗುಡಿಗೆ ನಡೆದ. ಪೂಜಾರಿಯ ಮಾತು ಮುಗಿಯುವ ಮೊದಲೇ ಬಲಗಡೆಯ ಹೂ ಉದುರಿತು. "ನೋಡ್ರೀ, ಹೊತ್ತು ಬಂದ್ರೆ ಹಿಂಗೆ!" ಎಂದು ಅಪ್ಪ ಕಣ್ಣೊರೆಸಿಕೊಂಡ.

ಮದುವೆಯಾಗಿ ಗಂಡನ ಮನೆಗೆ ಹೊರಡುವ ಬೆಳಗ್ಗೆ ಅಮ್ಮನಿಗೆ ಕೈಮುಗಿಯಲು ಗುಡಿಗೆ ಹೋದೆ. ಅಕ್ಕ ಅಂಗಳ ಗುಡಿಸುತ್ತಿದ್ದಳು.

"ಅಕ್ಕಾ, ಅಮ್ಮ ನಿನ್ನನ್ನ ಅಷ್ಟು ಕಾಯಿಸಿದಳು, ನನಗೆ ಮಾತ್ರ ಕೇಳ್ತಿದ್ದಂಗೇ ಕೊಟ್ಟಳಲ್ಲ" ಎಂದೆ. ಹೇಳುವಾಗ ಅಳು ಬಂತು.

ಅವಳು ಬಗ್ಗಿದ್ದಲ್ಲಿಂದಲೇ ಹೇಳಿದಳು: "ಅಮ್ಮ ಎಲ್ಲಿ ಕೊಟ್ಟಳು? ಬಲಗಡೆ ಹೂವಿನ ನೀರು ಸೆರಗಿನಾಗೆ ಒರೆಸಿ ಕೊಟ್ಟಿದ್ದೆ. ಒಣ ಹೂ ನಿಲ್ತತೇನು?"

ನಾನು ದಂಗಾದೆ. "ಹಂಗಾದ್ರೆ ನಿನಗೂ ಹಂಗೇ ಮಾಡ್ಕಬಹುದಿತ್ತಲ್ಲ ಅಕ್ಕಾ!"

"ಆಗ ಅವಳನ್ನ ನಂಬಿದ್ದೆ."

ಪೊರಕೆ ನನ್ನ ಕಾಲ ಹತ್ತಿರ ಬಂದು ನಿಂತಿತು.

"ಒಂಚೂರು ಆಚೆ ನಿಲ್ಲು" ಎಂದಳು. "ಅಲ್ಲಿ ಗುಡಿಸೋದೈತಿ."