ಅಕ್ಕನ ತೋಳಿನ ಮೇಲೆ ನೂಲಿನ ಗೆರೆ

ಸ್ತನದ ಗಡ್ಡೆಯ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದು ಅಕ್ಕನನ್ನು ಬನಹಟ್ಟಿಯ ಮನೆಗೆ ಕಳಿಸುವಾಗ ನರ್ಸ್ ಒಂದು ಮಾತು ಹೇಳಿದ್ದರು. ಆ ಬದಿಯ ತೋಳಿನಲ್ಲಿ ನೀರು ನಿಂತು ಬಾವು ಬರಬಹುದು. ತಿಂಗಳಿಗೊಮ್ಮೆ ಎರಡೂ ತೋಳು ಅಳೆಯಿರಿ. ಶುರುವಿನಲ್ಲೇ ಗೊತ್ತಾದರೆ ಹತೋಟಿಯಲ್ಲಿಡಬಹುದು, ಬಿಟ್ಟರೆ ತೋಳು ದಪ್ಪಗಾಗಿ ಗಡುಸಾಗುತ್ತದೆ.

ಮಗ್ಗದ ಮನೆಯಲ್ಲಿ ಟೇಪು ಹುಡುಕುವವರು ಯಾರು? ಅಕ್ಕನ ಗಂಡ, ನೇಕಾರರಾದ ನಮ್ಮ ಮಾವ, ಒಂದೆಳೆ ನೂಲು ಹರಿದು ಆಪರೇಷನ್ ಆದ ಬದಿಯ ಬಲತೋಳಿಗೆ, ಮೊಣಕೈಗಿಂತ ತುಸು ಮೇಲೆ ಸುತ್ತಿ, ತುದಿಗಳು ಕೂಡಿದಲ್ಲಿ ಗುರುತಿಗೆ ಎರಡೂ ತುದಿಗೆ ಒಂದೊಂದು ಗಂಟು ಹಾಕಿಟ್ಟರು. ಪ್ರತಿ ತಿಂಗಳೂ ಜಮಖಂಡಿಯಲ್ಲಿದ್ದ ನನಗೆ ಮಾವನ ಫೋನು ಬರುತ್ತಿತ್ತು: "ಗಂಟಿಗೆ ಗಂಟು ಕೂಡ್ತು. ಛಲೋ ಐತಿ." ನಾನು ನಿಶ್ಚಿಂತಳಾಗಿರುತ್ತಿದ್ದೆ.

ನಾಲ್ಕನೆಯ ತಿಂಗಳು ಅಳೆಯುವ ದಿನ ನಾನೂ ಅಲ್ಲಿದ್ದೆ.

"ಈ ಕೈ ಯಾಕೋ ಭಾರ ಅನಸ್ತೈತಿ," ಅಂದಳು ಅಕ್ಕ.

"ಕಂಡಿಕಿಗೆ ನೂಲು ಸುತ್ತೂದು ಬಿಟ್ಟು ಕುಂತೀಯಲ್ಲ, ಕೈ ಮೈಗಳ್ಳ ಆಗೈತಿ," ಎಂದು ಛೇಡಿಸುತ್ತಲೇ ಮಾವ ನೂಲು ಸುತ್ತಿದರು. ಗಂಟು ಕೂಡಿತು. ನಾನು ಬಸ್ಸಿಗೆಂದು ಚೀಲ ಎತ್ತಿಕೊಂಡೆ.

ಅಕ್ಕ ಚಹಾದ ಕಪ್ಪು ನೀಡಿದಳು. ನೂಲು ತೆಗೆದಾಗಿತ್ತು, ಅದರ ಗೆರೆ ಮಾತ್ರ ತೋಳಿನಲ್ಲಿ ಹಾಗೇ ತಗ್ಗಾಗಿ ಉಳಿದಿತ್ತು. ಚಹಾ ಮುಗಿದರೂ ಆ ಗೆರೆ ಅಳಿಯಲಿಲ್ಲ. ಎಡತೋಳಿಗೆ ಅದೇ ನೂಲನ್ನು ಅಷ್ಟೇ ಬಿಗಿಯಾಗಿ ಸುತ್ತಿ ನೋಡಿ ಬಿಚ್ಚಿದೆ. ಗಂಟುಗಳು ಒಂದನ್ನೊಂದು ದಾಟಿ ಹೋದವು, ಗೆರೆಯೂ ಉಳಿಯಲಿಲ್ಲ.

ಆಗ ಮಾವನ ಬೆರಳುಗಳನ್ನು ನೋಡಿದೆ. ಸಡಿಲ ನೂಲು ಹಿಡಿದು ಗೊತ್ತೇ ಇಲ್ಲದ ಬೆರಳುಗಳು. ಗಂಟು ಕೂಡುವ ತನಕ ಅವರು ಪ್ರತಿ ಸಲ ಜಗ್ಗಿದ್ದರು.

"ನೂಲು ಅಂದ್ರ ನನ್ನ ಕೈ ತಾನ ಜಗ್ಗತೈತಿ ಯವ್ವಾ," ಎಂದರು ಮಾವ.

ಮರುದಿನವೇ ಆಸ್ಪತ್ರೆಗೆ ಹೋದೆವು. ವ್ಯಾಯಾಮ ಹೇಳಿಕೊಡುವವರು ಎರಡೂ ತೋಳನ್ನು ಹಲವು ಕಡೆ ಟೇಪಿನಿಂದ ಅಳೆದು, ಬೆರಳಿನಿಂದ ಒತ್ತಿ ನೋಡಿದರು. "ಬಾವು ಶುರು ಆಗೈತ್ರಿ. ಆದ್ರ ಇನ್ನೂ ಮೆತ್ತಗೈತಿ, ಛಲೋ ಟೈಮಿಗೆ ಬಂದೀರಿ." ಅಕ್ಕನ ಅಳತೆಗೆ ಬಿಗಿಯಾದ ಎಲಾಸ್ಟಿಕ್ ತೋಳುಚೀಲ ಕೊಡಿಸಿದರು, ವ್ಯಾಯಾಮ, ಹಗುರ ಮಾಲೀಶು ಕಲಿಸಿದರು. ಕೆಲವು ತಿಂಗಳಲ್ಲಿ ತೋಳಿನ ಬಾವು ಇಳಿಯಿತು, ಭಾರ ಹೋಯಿತು.

ಆ ಚಹಾ ಕುಡಿಯದೆ ಬಸ್ಸು ಹತ್ತಿದ್ದರೆ ಆ ಗೆರೆ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಈಗ ಮನೆಗೆ ಟೇಪು ಬಂದಿದೆ. ಮಾವ ಅಂಜಿ ಎಷ್ಟು ಸಡಿಲ ಹಿಡಿಯುತ್ತಾರೆಂದರೆ ಅದು ಮಣಿಕಟ್ಟಿಗೆ ಜಾರಿ ಬೀಳುತ್ತದೆ.

"ಸ್ವಲ್ಪ ಬಿಗಿ ಹಿಡೀರಿ, ಕೈ ಏನ್ ಹರಿಯೂದಿಲ್ಲ," ಎಂದು ಅಕ್ಕ ನಗುತ್ತಾಳೆ. ಟೇಪು ತೆಗೆದ ಮೇಲೆ ನಾನು ಬಗ್ಗಿ ನೋಡುತ್ತೇನೆ. ಗೆರೆ ಇಲ್ಲ.