ದೇವರಿಲ್ಲದ ಬುಧವಾರ

ತಡೆಯಿರಿ, ಪುಟ ತಿರುವಬೇಡಿ. ವಾರಕ್ಕೊಂದು ದಿನ ಮಾಂಸ ಬಿಟ್ಟವನ ಮಾತು ಅಂದಕೂಡಲೇ, ಇನ್ನು ಈತ ನಮ್ಮ ತಾಟಿಗೂ ಕೈ ಹಾಕುತ್ತಾನೆ ಎಂದು ಹೆದರುವುದು ಸಹಜ. ಹಾಗೇನಿಲ್ಲ. ನಾನು ನನ್ನ ತಾಟಿನ ಮುಂದೆಯೇ ಸಿಕ್ಕಿಬಿದ್ದ ಸಂಗತಿ ಒಂದಿದೆ, ಅದು ಬರುವವರೆಗೆ ಕಾಯಿರಿ, ಅಷ್ಟೇ.

ಬಿಟ್ಟದ್ದಕ್ಕೆ ಕಾರಣ ಭಕ್ತಿಯಲ್ಲ, ಓದು. ಸಿಕ್ಕಿದ್ದನ್ನೆಲ್ಲ ಓದುವ ಚಟ ನನಗೆ. ಗುಡಗೇರಿ ಸಂತೆಯಲ್ಲಿ ಸೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತೇನೆ. ಅಂಥ ಒಂದು ಹಾಳೆಯಲ್ಲಿ, ಹೊಟ್ಟೆಗೂ ವಾರಕ್ಕೊಂದು ರಜೆ ಬೇಕು ಎಂದು ಯಾರೋ ಬರೆದಿದ್ದರು. ಹಾಳೆ ಅಲ್ಲಿಗೇ ಹರಿದಿತ್ತು. ಯಾಕೆ ಬೇಕು ಎಂಬುದು ಇನ್ನಾರದೋ ಸೇಂಗಾದ ಜೊತೆ ಹೋಗಿತ್ತು. ನನಗೆ ಅಷ್ಟೇ ಸಾಕಾಯಿತು. ಅರ್ಧ ತಿಳಿದವನ ಉತ್ಸಾಹ ಪೂರ್ತಿ ತಿಳಿದವನಿಗೆ ಎಲ್ಲಿ ಬರಬೇಕು?

ಆದರೆ ಯಾವ ದಿನ? ನಮ್ಮ ಕಡೆ ಇದಕ್ಕೆ ‘ವಾರ ಹಿಡಿಯುವುದು’ ಎನ್ನುತ್ತಾರೆ. ‘ನಿಂದು ಯಾವ ವಾರ?’ ಎಂದರೆ, ಯಾವ ದಿನ ನೀನು ಕೋಳಿ ಕುರಿ ಮುಟ್ಟುವುದಿಲ್ಲ ಎಂದರ್ಥ. ದೇವರುಗಳು ಬಹಳ ಹಿಂದೆಯೇ ಈ ವಾರಗಳನ್ನು ಪಾಲು ಮಾಡಿಕೊಂಡುಬಿಟ್ಟಿದ್ದಾರೆ. ಸೋಮವಾರ ಶಿವನದು, ಮಂಗಳವಾರ ಶುಕ್ರವಾರ ದೇವಿಯದು, ಗುರುವಾರ ಗುರುಗಳದು, ಶನಿವಾರ ಹನುಮಪ್ಪನದು. ರವಿವಾರ ನಮ್ಮ ಮನೆಯ ಮಟ್ಟಿಗೆ ಕುರಿಯದು. ಬುಧವಾರ ಮಾತ್ರ ಬೇಲಿಯಿಲ್ಲದ ಹೊಲದ ಹಾಗೆ ಬಿದ್ದಿತ್ತು. ‘ಬುಧ’ ಎಂದರೆ ತಿಳಿದವನು ಎಂಬ ಅರ್ಥವೂ ಇದೆಯಲ್ಲ. ನನಗಾಗಿಯೇ ಬಿಟ್ಟದ್ದು ಎಂದುಕೊಂಡು ಹಿಡಿದೆ. ಆಯಿ, ಎಂದರೆ ನಮ್ಮಪ್ಪನ ತಾಯಿ, ಬೆರಗಾದಳು.

“ಬುಧವಾರ ಯಾರರ ಹಿಡೀತಾರೇನೋ? ಯಾವ ದೇವರದು ಅದು?”

“ಯಾವ ದೇವರದೂ ಅಲ್ಲ ಆಯಿ, ಹೊಟ್ಟೀದು.”

“ಹಂಗಾರ ಪುಣ್ಯಾ ಯಾರು ಕೊಡಬೇಕು? ನಿನ್ನ ಹೊಟ್ಟಿ ಕೊಡತೈತೇನು?”

ಇದಾದದ್ದು ಮದುವೆಯ ಹೊಸದರಲ್ಲಿ. ಆ ಮದುವೆಯದೇ ಒಂದು ಗಾಯವಿತ್ತು. ಬೀಗರ ಊಟದ ದಿನ ನಮ್ಮ ಕಾಕಾ, ಅಪ್ಪನ ತಮ್ಮ, ತಾಟಿನ ತೆಳ್ಳನೆ ಸಾರಿನೊಳಗೆ ಬಗ್ಗಿ ನೋಡಿ, “ಸಾರಿನ್ಯಾಗ ಮಾರಿ ಕಾಣಾಕತ್ತೈತ್ರೋ, ಯಾರರ ಹಣಿಗಿ ಕೊಡ್ರಿ, ತಲಿ ಬಾಚಕೋತೇನಿ” ಎಂದುಬಿಟ್ಟಿದ್ದ. ಪಂಕ್ತಿಯೆಲ್ಲ ನಕ್ಕಿತು. ಬಡಿಸುತ್ತಿದ್ದ ನಮ್ಮ ಮಾವ ನಗಲಿಲ್ಲ. ಅಂದಿನಿಂದ ಮಿಶ್ರಿಕೋಟಿಯ ಬೀಗರು ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾಗರ ಪಂಚಮಿಗೆ ಮಗಳನ್ನು ಕರೆಯಲಿಕ್ಕೂ ಬರಲಿಲ್ಲ. ಓಣಿಯ ಸೊಸೆಯರೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿದರು. ನನ್ನ ಹೆಂಡತಿ ರೇಣುಕಾ ಅತ್ತೆಯ ಮನೆಯಲ್ಲೇ ಕೂತು ಉಂಡಿ ಕಟ್ಟಿದಳು.

ಕಾಕಾನಿಗೂ ಒಳಗೇ ಚುಚ್ಚುತ್ತಿರಬೇಕು. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಾವ ಕಂಡಾಗ ತಾನೇ ಹೋಗಿ ಮಾತಾಡಿಸಿದ. ಅವರೂ ಮೆತ್ತಗಾಗಿ, “ಅಳ್ಯಾರನ್ನ ಕರಕೊಂಡು ಊಟಕ್ಕ ಬರ್ರಿ” ಎಂದರು. “ಬರ್ತೇವ್ರಿ. ಆದ್ರ ನಮ್ಮ ಹುಡುಗಂದು ಬುಧವಾರ ಐತಿ, ಖ್ಯಾಲ ಇರಲಿ” ಎಂದ ಕಾಕಾ. “ಆತ್ರಿ, ಬುಧವಾರನ ಆಗಲಿ” ಎಂದರು ಮಾವ. ಮನೆಗೆ ಬಂದ ಕಾಕಾ, “ಶಾಣ್ಯಾ ಮನಶ್ಯಾ ಅದಾನ. ಹೋಳಿಗಿ ಮಾಡಿ ಕೋಳಿ ಉಳಿಸಿಕೊಂಡ!” ಎಂದು ಮೀಸೆಯೊಳಗೇ ನಕ್ಕ.

ಬುಧವಾರ ಕಾಕಾನೊಡನೆ ಹೊರಟ ಬಸ್ಸಿನಲ್ಲಿ ರೇಣುಕಾ ಮೆಲ್ಲಗೆ ಅಂದಳು: “ಇದೊಂದು ಊಟ ಸರಳ ಆಗಲಿರೀ. ಅಪ್ಪ ಏನ ಬಡಿಸಿದ್ರೂ ಬ್ಯಾಡ ಅನಬ್ಯಾಡ್ರಿ. ಬರೂ ಪಂಚಮಿಗೆ ನನಗ ತವರಮನಿ ಬೇಕು.”

ಮಿಶ್ರಿಕೋಟಿಯ ಮನೆಯ ಬಾಗಿಲಲ್ಲೇ ವಾಸನೆ ಬಂತು. ಹೋಳಿಗೆಯದಲ್ಲ. ಕೂತಕೂಡಲೇ ಮಾವ ಸೌಟು ಹಿಡಿದು ಬಂದರು. “ಹುಂಜ ಕೊಯ್ದೇವ್ರಿ ಅಳ್ಯಾರ. ಕಾಕಾರ, ಇವತ್ತ ಮಾರಿ ಕಾಣಂಗಿಲ್ಲ, ನೋಡ್ಕೋರಿ!”

ಆಗ ಹೊಳೆಯಿತು. ಬುಧವಾರ ಹಿಡಿದವನನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ‘ಬುಧವಾರ ಐತಿ’ ಎಂದದ್ದು ಬರುವ ದಿನ ಎಂದೇ ತಿಳಿದಿದ್ದರು. ಬೇಡ ಅಂದರೆ ಅವರ ಸಾರಿಗೆ ಎರಡನೆಯ ಅವಮಾನ, ರೇಣುಕಾಳ ತವರು ಮುಗಿದಂತೆ. ದೇವರ ವಾರವಾಗಿದ್ದರೆ ದೇವರ ಹೆಸರಾದರೂ ಹೇಳಬಹುದಿತ್ತು. ಹೊಟ್ಟೆಯ ಹೆಸರು ಹೇಳೋಣವೆಂದರೆ, ಅದು ಆಗಲೇ ಮಾವನ ಕಡೆ ಸೇರಿಕೊಂಡಿತ್ತು. ರೊಟ್ಟಿ ಮುರಿದು ಸಾರಿಗೆ ಅದ್ದಿದೆ. ತುತ್ತು ಬಾಯಿಯ ಹತ್ತಿರ ಬಂದಿತ್ತು.

“ಲೇ, ಇವತ್ತ ನಿಂದು ಬುಧವಾರ ಅಲ್ಲೇನೋ!” ಕಾಕಾ ಕೂಗಿದ.

ಮಾವನ ಸೌಟು ಗಾಳಿಯಲ್ಲೇ ನಿಂತಿತು. “ಬುಧವಾರ ಅಂತನ ಬಂದೀರಲ್ರಿ?”

“ಬರೂ ಬುಧವಾರ ಅಲ್ರಿ ಮಾವಾರ,” ಎಂದೆ. “ಬಿಡೂ ಬುಧವಾರ.”

ಒಳಬಾಗಿಲಲ್ಲಿ ರೇಣುಕಾ ಸೆರಗು ಕಚ್ಚಿ ನಿಂತಿದ್ದಳು. ಮಾವ ನನ್ನ ತುತ್ತು ನೋಡಿದರು, ಕಾಕಾನ ಮುಖ ನೋಡಿದರು. “ಮತ್ತ ಯಾಕ ಬಾಯಿಗೆ ಒಯ್ದ್ರಿ?”

“ನೀವು ಬಡಿಸಿದ್ರಲ್ರಿ.”

ಮಾವ ಸೌಟು ಪಾತ್ರೆಯೊಳಗೆ ಇಟ್ಟು, ನನ್ನ ಎದುರು ಕುಕ್ಕರಿಸಿ, ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮದುವೆಯ ದಿನ ನಗದೆ ಉಳಿಸಿಕೊಂಡದ್ದೂ ಅದರಲ್ಲಿ ಇತ್ತೋ ಏನೋ. ಆಮೇಲೆ ನನ್ನ ತಾಟು ಎತ್ತಿ ಒಳಗೆ ಕೊಟ್ಟು, “ಅಳ್ಯಾ ಉಣ್ಣಲಾರದ್ದು ನಾವು ಹ್ಯಾಂಗ ಉಣ್ಣೂಣು? ಇವತ್ತ ಈ ಮನೀದೂ ಬುಧವಾರ!” ಎಂದು ಸಾರಿದರು. “ನಂದೇನ ಬುಧವಾರ ಇಲ್ರಿ…” ಎಂದು ಕಾಕಾ ಸಣ್ಣ ದನಿಯಲ್ಲಿ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಲೆ, ಗಟ್ಟಿ ಮೊಸರು ಬಂತು. ಅಷ್ಟು ಹಗುರಾಗಿ ನಾನು ಎಂದೂ ಉಂಡಿಲ್ಲ. ಸಾರನ್ನು ಮತ್ತೊಮ್ಮೆ ಕುದಿಸಿ ಮುಚ್ಚಿಟ್ಟು, “ನಾಳಿ ಉಂಡ ಹೋಗ್ರಿ” ಎಂದರು ಅತ್ತೆ. ಅಡುಗೆಮನೆಯಿಂದ ರೇಣುಕಾಳ ನಗು ಕೇಳಿಸಿತು. ಅಂಥ ದೊಡ್ಡ ನಗು ಆಕೆಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮರುದಿನ ಊಟವಾದ ಮೇಲೆ ಮಾವ ಅಂದರು: “ಮಗಳು ನಾಕು ದಿನಾ ಇಲ್ಲೇ ಇರಲಿ. ಕಳಸಾಕ ನಾನ ಬರ್ತೇನಿ, ನಿಮ್ಮ ಮನೀತನಕ.”

ಬಿಡುವುದೆಂದರೆ ಒಬ್ಬನೇ ಮಾಡುವ ಕೆಲಸ ಎಂದುಕೊಂಡಿದ್ದೆ. ಜೊತೆಗೆ ನಾಲ್ಕು ಮಂದಿ ಬಿಟ್ಟಾಗ ಅದೇ ಒಂದು ಊಟವಾಗುತ್ತದೆ.

ನೀವು ಯಾವ ವಾರ ಹಿಡಿದಿದ್ದೀರಿ? ಯಾರ ಮನೆಯಲ್ಲಿ ಸಿಕ್ಕಿಬಿದ್ದಿರಿ? ಒಂದು ಕಾರ್ಡು ಬರೆದು ತಿಳಿಸಿ. ಹಿಡಿದು ಮುರಿದವರೂ ಸಂಕೋಚಪಡಬೇಡಿ; ಕಾಕಾ ಬಾಯಿ ಬಿಡುವುದು ಒಂದು ಗಳಿಗೆ ತಡವಾಗಿದ್ದರೆ ನಾನೂ ನಿಮ್ಮ ಪಂಕ್ತಿಯವನೇ.