ನೀಲಿ ದಾರದ ಕಟ್ಟು

ನನ್ನ ಗಂಡನ ಅಕ್ಕ ತೀರಿಕೊಂಡು ಒಂದು ವರ್ಷವಾಯಿತು. ಅವರನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಉಳಿದವರೆಲ್ಲ ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಭೂತಗನ್ನಡಿ. ಆ ಹೆಸರು ಅವರಿಗೂ ಗೊತ್ತಿತ್ತು. ಒಳಗೊಳಗೇ ಹಿಗ್ಗುತ್ತಿದ್ದರು.

ಅವರದು ಚೆಕಿಂಗ್ ಕೆಲಸ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಮೇಲೊಂದು ಟ್ಯೂಬ್‌ಲೈಟು. ನಾವು ಹೊಲಿದು ಮುಗಿಸಿದ್ದನ್ನು ಕಟ್ಟು ಕಟ್ಟಿ ಅಲ್ಲಿಡಬೇಕು. ಯಾರ ಕಟ್ಟು ಯಾರದೆಂದು ತಿಳಿಯಲಿ ಅಂತ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ಕಾಲರ್ ಹೊಲಿಯುವ ಸಾಲಿನಲ್ಲಿ ನನ್ನದು ಹಳದಿ. ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ ನೀಲಿ ಸಿಕ್ಕಿತು.

ಆ ಹುಡುಗಿ ಹೊಲಿಯುವಾಗ ಸಣ್ಣಗೆ ಗುನುಗುತ್ತಿದ್ದಳು. ಹಾಡಂತೂ ಅಲ್ಲ, ಮಿಷನ್ ಸದ್ದಿನ ಜೊತೆಗೆ ಗುಂಯ್ ಅನ್ನುವುದಷ್ಟೇ. ಅದಕ್ಕೇ ದುಂಬಿ ಎಂದು ಕರೆದೆವು. ನಮಗೆಲ್ಲ ಅವಳಿದ್ದರೆ ಹೊತ್ತು ಹೋಗುತ್ತಿದ್ದುದೇ ತಿಳಿಯುತ್ತಿರಲಿಲ್ಲ. ಅತ್ತಿಗೆಗೆ ಮಾತ್ರ ಮೊದಲ ದಿನದಿಂದಲೇ ಆಗಿಬರಲಿಲ್ಲ.

"ಬಾಯಿ ಆಡ್ತಿದ್ರೆ ಕೈ ನೆಟ್ಟಗೆ ಓಡಲ್ಲ ಕಣೇ. ನನ್ನ ತಂಗೀನ ನೋಡಿಲ್ವಾ ನಾನು?" ಎಂದು ನನ್ನ ಹತ್ತಿರ ಮಾತ್ರ ಹೇಳುತ್ತಿದ್ದರು.

ಅವರ ತಂಗಿಯೂ ಹೀಗೇ ಗುನುಗುತ್ತಾ ಓಡಾಡಿಕೊಂಡಿದ್ದವಳು. ತಾಯಿ ಹಾಸಿಗೆ ಹಿಡಿದಾಗ ಮದುವೆಯಾಗಿ ಹೊರಟುಹೋದಳು, ತಿರುಗಿಯೂ ನೋಡಲಿಲ್ಲ. ತಾಯಿಯ ಉಚ್ಚೆ ಬಟ್ಟೆ ಒಗೆಯುತ್ತಲೇ ಅತ್ತಿಗೆಯ ಪ್ರಾಯ ಕಳೆಯಿತು. ಮದುವೆ ಆಗಲೇ ಇಲ್ಲ. ಆ ಸಿಟ್ಟನ್ನು ತೀರಿಸಿಕೊಳ್ಳಲು ಅವರಿಗೆ ಯಾರೂ ಸಿಕ್ಕಿರಲಿಲ್ಲ.

ನೀಲಿ ದಾರದ ಕಟ್ಟು ಬಿಚ್ಚಿದರೆ ಸಾಕು, ಅತ್ತಿಗೆಯ ಹುಬ್ಬು ಗಂಟಾಗುತ್ತಿತ್ತು. ಮೂಲೆ ಮೊಂಡಾಗಿದೆ. ಹೊಲಿಗೆ ಏರಿದೆ. ಇಲ್ಲಿ ಸುಕ್ಕು ಬಿದ್ದಿದೆ. "ಬಿಚ್ಚಿ ಹೊಲಿ" ಎಂದು ವಾಪಸು ಎಸೆಯುವರು. ದುಂಬಿ ಬ್ಲೇಡು ಹಿಡಿದು ಹೊಲಿಗೆ ಬಿಚ್ಚುತ್ತಾ ಕೂರುವಳು. ಬರಬರುತ್ತಾ ಗುನುಗುವುದು ಕಮ್ಮಿಯಾಯಿತು. ಆಗ ಅತ್ತಿಗೆ, "ನೋಡು, ಈಗ ಮುಖ ಊದಿಸ್ಕೊಂಡಿದಾಳೆ. ಅದೂ ನನ್ನ ತಂಗಿ ಥರಾನೇ" ಎಂದರು.

ಹೊಸಬರು ಇಬ್ಬರಿದ್ದರು. ಒಬ್ಬಳನ್ನು ಮಾತ್ರ ಕಾಯಂ ಮಾಡುವುದಾಗಿ ಮಾಲೀಕರು ಹೇಳಿದ್ದರು. ದುಂಬಿಗೆ ಅಪ್ಪ ಇಲ್ಲ, ಮನೆ ನಡೆಯುವುದು ಅವಳ ಸಂಬಳದಿಂದಲೇ ಎಂಬುದು ನಮಗೆಲ್ಲ ಗೊತ್ತು. ಮಾಲೀಕರು ಮೇಜಿನ ಹತ್ತಿರ ಬಂದು ಯಾರನ್ನು ಇಟ್ಟುಕೊಳ್ಳಲಿ ಎಂದು ಕೇಳಿದಾಗ ಅತ್ತಿಗೆ ತಲೆ ಎತ್ತದೆ, "ಗುಂಯ್‌ಗುಡೋಳು ಬೇಡ ಸಾರ್" ಎಂದರು. ಆವತ್ತು ಸಂಜೆಯೇ ದುಂಬಿ ತನ್ನ ಕತ್ತರಿ, ಟೇಪು ಚೀಲಕ್ಕೆ ಹಾಕಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಅತ್ತಿಗೆ ಹಳದಿ ದಾರದ ಒಂದು ಕಟ್ಟು ಬಿಚ್ಚಿ, ಒಂದು ಕಾಲರನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದರು.

"ಬನ್ರೇ ಇಲ್ಲಿ. ಮೂಲೆ ಅಂದ್ರೆ ಹೀಗಿರ್ಬೇಕು. ನನ್ನ ತಮ್ಮನ ಹೆಂಡ್ತಿ ಅಂತ ಹೊಗಳ್ತಿಲ್ಲ, ಕಣ್ಣಿದ್ದೋರು ನೋಡ್ಕೊಳ್ಳಿ!"

"ಹೌದೌದು, ತಮ್ಮನ ಹೆಂಡ್ತಿ ಅಂತ ಅಲ್ವೇ ಅಲ್ಲ" ಎಂದು ಕಾಜ ಮಾಡುವವಳು ಛೇಡಿಸಿದಳು. ಎಲ್ಲರೂ ನಕ್ಕರು.

ನಾನು ಹತ್ತಿರ ಹೋಗಿ ನೋಡಿದೆ. "ಅತ್ತಿಗೆ, ಇದು ನನ್ನದಲ್ಲ. ನಿನ್ನೆ ದುಂಬಿಯ ನೀಲಿ ದಾರ ಮುಗಿದುಹೋಗಿತ್ತು. ಕಟ್ಟು ಕಟ್ಟೋಕೆ ನನ್ನ ಹಳದೀನೇ ಕೊಟ್ಟಿದ್ದೆ."

ನಗು ನಿಂತಿತು. ಅತ್ತಿಗೆ ಕಾಲರನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಟೇಪು ಇಟ್ಟು ಅಳೆದರು. ಕಟ್ಟಿನಲ್ಲಿದ್ದ ಒಂದೊಂದನ್ನೂ ಹಾಗೆಯೇ ನೋಡಿದರು. ಒಂದಾದರೂ ತಪ್ಪು ಸಿಗಲಿ ಎಂದು ಹುಡುಕುತ್ತಿದ್ದರು, ಪಾಪ. ಸಿಗಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದರು:

"ಇದನ್ನ ಹೊಲೀವಾಗ್ಲೂ ಗುಂಯ್ ಅಂತಿದ್ಲಾ?"

"ಅಂತಿದ್ಲು."

ಅತ್ತಿಗೆ ಆ ಕೂಡಲೇ ಎದ್ದು, ದುಂಬಿಯನ್ನು ವಾಪಸು ಕರೆಯೋಣ ಎಂದು ಕೇಳಲು ಮಾಲೀಕರ ಕೋಣೆಗೆ ಹೋದರು. "ಕರ್ಕೊಂಡು ಬನ್ನಿ, ನನಗೇನು? ಇಬ್ಬರೂ ಇರ್ಲಿ" ಎಂದರಂತೆ ಮಾಲೀಕರು. ಸಂಜೆ ಅತ್ತಿಗೆಯ ಜೊತೆ ನಾನೂ ಹೋದೆ.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆ. ದುಂಬಿ ನೆಲದ ಮೇಲೆ ಕೂತು ಅಕ್ಕನ ಮಗನ ಅಂಗಿಯ ಹೊಲಿಗೆ ಬಿಚ್ಚುತ್ತಿದ್ದಳು. ಅವಳ ತಾಯಿ ನಮಗೆ ಚಾಪೆ ಹಾಕಿ, "ಹೊಲಿಯೋದು, ಬಿಚ್ಚೋದು. ನಿಮ್ಮಲ್ಲಿಗೆ ಬರೋಕೆ ಶುರು ಮಾಡಿದಾಗಿಂದ ಮನೇಲೂ ಇದೇ ಆಗಿದೆ ಕಣ್ರೀ. ಮಗು ಬೆಳೆದ್ರೂ ಅಂಗಿ ಮುಗಿಯಲ್ಲ" ಎಂದರು.

ಅತ್ತಿಗೆ ಅಂಗಿ ತೆಗೆದುಕೊಂಡು ನೋಡಿದರು. ಬಿಚ್ಚಿ ಬಿಚ್ಚಿ ಸೂಜಿಯ ತೂತುಗಳಿಂದ ಬಟ್ಟೆ ಜಾಳಾಗಿತ್ತು. ಬಿಚ್ಚದೆ ಉಳಿದಿದ್ದ ಹೊಲಿಗೆ ಗೆರೆ ಎಳೆದಂತೆ ನೇರ.

"ಇದು ಸರಿಯಾಗಿದೆ ಕಣೇ. ಯಾಕೆ ಬಿಚ್ತೀಯ?"

"ಅವತ್ತು ತಪ್ಪು ಅಂದ್ರಿ, ಇವತ್ತು ಸರಿ ಅಂತೀರಿ. ಕೈ ಅದೇ ಅಲ್ವಾ ಅಕ್ಕಾ? ನಾನು ಯಾವುದನ್ನ ನಂಬ್ಲಿ?"

ಅತ್ತಿಗೆ ತಂಗಿಯ ವಿಷಯ ಹೇಳಿದರು. ಬೇರೆಯವರ ಮುಂದೆ ಅವರು ಅದನ್ನು ಬಾಯಿ ಬಿಟ್ಟು ಹೇಳಿದ್ದು ನಾನು ಕಂಡಿರಲಿಲ್ಲ. ತಪ್ಪು ನಂದು, ನಾಳೆಯಿಂದಲೇ ಬಾ ಎಂದರು. ದುಂಬಿ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ತಾಯಿ ವಿಷಯ ಕೇಳಿ ಸಂಕಟ ಆಯ್ತಕ್ಕಾ. ಆದ್ರೆ ನಾನು ಬರಲ್ಲ. ಮಿಷನ್ ಮುಂದೆ ಕೂತ್ರೆ ಹೊಲಿದಿದ್ದನ್ನೆಲ್ಲ ಬಿಚ್ಚೋಣ ಅನ್ಸುತ್ತೆ. ಔಷಧಿ ಕಾರ್ಖಾನೇಲಿ ಬಾಟಲಿ ತೊಳೆಯೋ ಕೆಲಸ ಇದೆಯಂತೆ. ತೊಳೆದಿದ್ರೆ ತೊಳೆದಿದೆ ಅಂತ ಯಾರ ಕಣ್ಣಿಗಾದ್ರೂ ಕಾಣುತ್ತೆ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅತ್ತಿಗೆ ತಡೆದುಕೊಳ್ಳುತ್ತಿದ್ದರು.

ಆಮೇಲೆ, ಯಾವುದು ಯಾರದೆಂದು ತಮಗೆ ತಿಳಿಯದಿರಲಿ ಅಂತ, ಕಟ್ಟುಗಳನ್ನು ಎಲ್ಲರೂ ಬಿಳಿ ದಾರದಲ್ಲೇ ಕಟ್ಟಿ ತರಬೇಕು ಎಂದು ಅತ್ತಿಗೆ ಹೇಳಿದರು. ಅದರಿಂದೇನೂ ಆಗಲಿಲ್ಲ, ಅವರಿಗೆ ಈಗ ನಂಬಿಕೆ ಹೋಗಿದ್ದು ತಮ್ಮ ಕಣ್ಣಿನ ಮೇಲೇ. ಯಾವುದನ್ನಾದರೂ ವಾಪಸು ಕೊಡುವ ಮೊದಲು ನನ್ನ ಕಡೆ ಕಾಲರ್ ಚಾಚಿ, "ಇದು ನಿಜವಾಗ್ಲೂ ಸೊಟ್ಟ ಇದೆಯೇನೇ, ಇಲ್ಲಾ ನನಗೆ ಹಾಗೆ ಕಾಣ್ತಿದೆಯಾ?" ಎಂದು ಕೇಳುತ್ತಿದ್ದರು. ನಾನು ನಿಜವನ್ನೇ ಹೇಳುತ್ತಿದ್ದೆ. ಆದರೂ ಅನುಮಾನ. ಅನುಮಾನ ಬಂದದ್ದನ್ನೆಲ್ಲ ಸರಿ ಎಂದು ಬಿಟ್ಟುಬಿಡುತ್ತಿದ್ದರು. ಅಂಗಡಿಗಳಿಂದ ಮಾಲು ತಿರುಗಿ ಬರತೊಡಗಿತು. ಮಾಲೀಕರು ಅವರನ್ನು ಗುಂಡಿ ಹಚ್ಚುವ ಸಾಲಿಗೆ ಕಳಿಸಿದರು. ಬೇಜಾರು ಮಾಡಿಕೊಳ್ಳಲಿಲ್ಲ. ಕಾಲರಿನ ಸಾಲಿನಲ್ಲಿ ಜಾಗ ಖಾಲಿಯಾದಾಗಲೆಲ್ಲ ದುಂಬಿಗೆ ಹೇಳಿಕಳಿಸುತ್ತಿದ್ದರು. ಅವಳು ಬರಲೇ ಇಲ್ಲ.

ಹೀಗೇ ಎಂಟು ಹತ್ತು ವರ್ಷ ಕಳೆಯಿತು, ದುಂಬಿಗೆ ಮದುವೆಯೂ ಆಯಿತು. ಕಡೆಯ ದಿನಗಳಲ್ಲಿ ಅತ್ತಿಗೆ ಕಾಯಿಲೆ ಬಿದ್ದು ನಮ್ಮ ಮನೆಯಲ್ಲೇ ಇದ್ದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ದುಂಬಿ ಎಲ್ಲಾದರೂ ಸಿಕ್ಕಿದ್ದಳಾ ಎಂದು ಕೇಳಿದರು.

"ಅಂಗಡಿ ಬೀದೀಲಿ ಸಿಕ್ಕಿದ್ಲು ಅತ್ತಿಗೆ. ತನ್ನ ಮಗನಿಗೆ ಸ್ಕೂಲಿನ ಅಂಗಿ ತಗೊಳ್ತಿದ್ಲು."

"ರೆಡಿಮೇಡಾ?"

"ಹೂಂ."

"ಹೊಲಿಗೆ ಹೇಗಿತ್ತು?"

ಸುಳ್ಳು ಹೇಳಬಹುದಿತ್ತು. ಆದರೆ ಅವರ ಮುಂದೆ ಹೊಲಿಗೆಯ ವಿಷಯದಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

"ಕಾಲರು ಸೊಟ್ಟ ಇತ್ತು ಅತ್ತಿಗೆ. ಅವಳು ನೋಡಿದ್ಲು, ಬೆರಳಿಂದ ಮುಟ್ಟಿಯೂ ನೋಡಿದ್ಲು. ಏನೂ ಅನ್ನದೆ ತಗೊಂಡ್ಲು."

ಅತ್ತಿಗೆ ಗಂಜಿಯ ಲೋಟ ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ಹೊರಳಿದರು.